ಎದೆಯ ಮೇಲಿನ ರೇಷ್ಮೆ ಹುಳ

ಕಳೆದ ಮಾಘದಲ್ಲಿ ಭಾವಮೈದುನನ ಮಗಳ ಮದುವೆ. ವರನ ದಿಬ್ಬಣ ಛತ್ರದ ಬಾಗಿಲಿಗೆ ಬಂದು ನಿಂತಿತ್ತು. ಆರತಿ ತಟ್ಟೆಯಲ್ಲಿ ಸುಣ್ಣ ಹೆಚ್ಚಾಯಿತೋ ಅರಿಶಿನ ಹೆಚ್ಚಾಯಿತೋ ಎಂದು ಹೆಂಗಸರಲ್ಲಿ ಚರ್ಚೆ ನಡೆದಿತ್ತು. ಕೆಲಸವಿಲ್ಲದ ನಾನು ಬ್ಯಾಂಡ್‌ಸೆಟ್ಟಿನವರನ್ನು ನೋಡುತ್ತ ನಿಂತೆ. ಕೆಂಪು ಕೋಟು, ಭುಜದ ಮೇಲೆ ಹಳದಿ ಕುಚ್ಚು, ಎಡ ಎದೆಯ ಮೇಲೆ ಸಾಲಾಗಿ ಐದು ಪದಕ. ದೊಡ್ಡ ಡ್ರಮ್ಮಿನವನು ಕೋಲೆತ್ತಿದಾಗಲೆಲ್ಲ ಐದೂ ಒಟ್ಟಿಗೆ ಕುಣಿಯುತ್ತಿದ್ದವು. ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ರಿಟೈರ್ಡ್ ಸುಬೇದಾರರ ಎದೆಯ ಮೇಲೂ ಅಷ್ಟು ಕಂಡ ನೆನಪಿಲ್ಲ. ಬಾಯಿ ಸುಮ್ಮನಿರಬೇಕಲ್ಲ, ಕೇಳಿಯೇ ಬಿಟ್ಟೆ: "ಏನಪ್ಪಾ, ಇವೆಲ್ಲ ಯಾವುದಕ್ಕೆ ಬಂದದ್ದು?"

"ಡ್ರೆಸ್ ಜೊತೆಗೇ ಬರ್ತವೆ ಸಾರ್," ಎಂದ ಆತ. "ಓನರ್‌ದು. ಒಂದು ಕಳೆದ್ರೆ ಇಪ್ಪತ್ತು ರೂಪಾಯಿ ಹಿಡ್ಕೋತಾರೆ."

ನಗಲು ನನಗೇನೂ ಅಧಿಕಾರವಿಲ್ಲ. ನನ್ನ ಜನ್ಮದಲ್ಲಿ ಸಿಕ್ಕಿರುವುದು ಒಂದೇ ಪದಕ. ಮಿಡ್ಲ್ ಸ್ಕೂಲಿನ ನಿಂಬೆಹಣ್ಣು-ಚಮಚ ಓಟದಲ್ಲಿ ಮೂರನೆಯ ಸ್ಥಾನ. ಓಡಿದವರು ನಾಲ್ವರು, ನಾಲ್ಕನೆಯವನು ಅರ್ಧ ದಾರಿಯಲ್ಲಿ ಕೂತು ನಿಂಬೆಹಣ್ಣು ತಿಂದುಬಿಟ್ಟ. ಆ ತಗಡಿನ ಬಿಲ್ಲೆ ಇವತ್ತಿಗೂ ಟ್ರಂಕಿನ ತಳದಲ್ಲಿದೆ, ಜಾತಕದ ಪಕ್ಕದಲ್ಲಿ. ಮನೆ ಬದಲಾಯಿಸಿದಾಗಲೆಲ್ಲ ಹೆಂಡತಿ ಅದನ್ನು ಎಸೆಯಲು ಹೋಗುತ್ತಾಳೆ, ನಾನು ಎತ್ತಿಟ್ಟುಕೊಳ್ಳುತ್ತೇನೆ. ಪದಕವೆಂದರೆ ಏನು, ಯಾರು ಕೊಟ್ಟರೆ ಅದಕ್ಕೆ ಬೆಲೆ ಎಂಬ ಯೋಚನೆ ನನಗೆ ಹತ್ತಿದ್ದು ಮಾತ್ರ ಈ ಬಿಲ್ಲೆಯಿಂದಲ್ಲ. ಲಂಡನ್ನಿನ ಹೆಂಡನ್‌ನಲ್ಲಿ ನಿಂತಿರುವ ಒಂದು ಮುದಿ ವಿಮಾನದಿಂದ.

ಮಗಳ ಮನೆಗೆಂದು ಹೋಗಿದ್ದೆವು. ಅಲ್ಲಿಯ ವಾಯುಪಡೆಯ ಮ್ಯೂಸಿಯಮ್ಮಿಗೆ ಟಿಕೆಟ್ಟಿಲ್ಲ ಎಂದು ಕೇಳಿದೊಡನೆ ನನಗೆ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿತು. ಒಳಗೆ ಹೋದರೆ ಕಪ್ಪಗೆ, ಊರ ಬಾಗಿಲಲ್ಲಿ ಮಲಗಿದ ಎಮ್ಮೆಯ ಹಾಗೆ, ಎರಡನೆಯ ಮಹಾಯುದ್ಧದ ಒಂದು ಲ್ಯಾಂಕಾಸ್ಟರ್ ಬಾಂಬರ್. ಹೆಸರು ಎಸ್-ಶುಗರ್, ನಂಬರ್ ಆರ್5868. ಮೂತಿಯ ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ಪುಟ್ಟ ಬಾಂಬುಗಳ ಚಿತ್ರ, ಸಾಲು ಸಾಲಾಗಿ. ಹೋಗಿ ಬಂದ ಒಂದೊಂದು ದಾಳಿಗೂ ಒಂದೊಂದು. ಈ ವಿಮಾನ 137 ಸಲ ಹೋಗಿ ಬಂದಿದೆಯಂತೆ. ಅದರ ಕೆಳಗೆ, ಶತ್ರುವಿಮಾನವೊಂದೂ ಜರ್ಮನಿಯ ಮೇಲೆ ಹಾರದು ಎಂಬ, ಅಲ್ಲಿಯ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ಬಡಾಯಿಯನ್ನು ಯಾರೋ ಕಿಡಿಗೇಡಿ ನೀಟಾಗಿ ಬರೆದಿಟ್ಟಿದ್ದಾನೆ. ನಾನು ಬಾಂಬುಗಳನ್ನು ಎಣಿಸತೊಡಗಿದೆ. ಅರವತ್ತರ ಹತ್ತಿರ ಬಂದಾಗ ಹಿಂದಿನಿಂದ, "ರೀ, ಲೆಕ್ಕ ಮಾಡೋಕೆ ಏಳು ಸಮುದ್ರ ದಾಟಿ ಬರಬೇಕಿತ್ತಾ? ಮನೇಲಿ ಹಾಲಿನ ಲೆಕ್ಕ ನೋಡಿ ಅಂದ್ರೆ ಆಗೋದಿಲ್ಲ," ಎಂಬ ದನಿ ಬಂತು. ಲೆಕ್ಕ ತಪ್ಪಿತು.

ವಿಮಾನಕ್ಕೇ ಪದಕ ಕೊಡುವ ಚಾಳಿಯೂ ಅವರಲ್ಲಿತ್ತು. ಈಡಿ888 ಎಂಬ ಲ್ಯಾಂಕಾಸ್ಟರ್ 140 ದಾಳಿ ಮುಗಿಸಿತ್ತು. ಅದರ ಮೂತಿಯ ಮೇಲೆ ನೆಲದ ಸಿಬ್ಬಂದಿಯ ಹುಡುಗರು ಡಿ.ಎಸ್.ಓ., ಡಿ.ಎಫ್.ಸಿ. ಎಂಬ ಶೌರ್ಯಪದಕಗಳ ಪಟ್ಟಿಗಳನ್ನು ಬಣ್ಣದಲ್ಲಿ ಬರೆದರು. ಆಯುಧಪೂಜೆಯ ದಿನ ಲಾರಿಗೆ ಬಾಳೆಕಂದು ಕಟ್ಟಿ ಕುಂಕುಮವಿಡುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಅಷ್ಟು ಪದಕ ಗಳಿಸಿದ ವಿಮಾನವನ್ನು 1947ರಲ್ಲಿ ಗುಜರಿಗೆ ಹಾಕಿದರು ಎಂಬುದನ್ನು ಓದಿದಾಗ ಮಾತ್ರ ನನಗೆ ಸಂಕಟವಾಯಿತು.

ಎಸ್-ಶುಗರ್‌ನಲ್ಲಿ ನಮ್ಮ ದೇಶದವನೊಬ್ಬ ಹಾರಿದ್ದಾನೆ. ಶೈಲೇಂದ್ರ ಏಕನಾಥ ಸುಖ್ತಂಕರ್, ನ್ಯಾವಿಗೇಟರ್. ಈ ಒಂದೇ ವಿಮಾನದಲ್ಲಿ 14 ದಾಳಿ, ಎದೆಯ ಮೇಲೆ ಡಿ.ಎಫ್.ಸಿ. ರಾತ್ರಿಯ ಕತ್ತಲಲ್ಲಿ, ಪರದೆ ಎಳೆದ ಪುಟ್ಟ ಮೇಜಿನ ಮುಂದೆ ಕೂತು, ಪೆನ್ಸಿಲು ಹಿಡಿದು, ಈಗ ಎಲ್ಲಿದ್ದೇವೆ ಎಂದು ಲೆಕ್ಕ ಹಾಕುವ ಕೆಲಸ. ಈ ಸಲ ಲೆಕ್ಕದ ಬಗ್ಗೆ ಹೆಂಡತಿ ಏನೂ ಅನ್ನಲಿಲ್ಲ.

ಲ್ಯಾಂಕಾಸ್ಟರಿನಲ್ಲಿ ಏಳು ಜನ. ಪೈಲಟ್, ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಗುರಿಕಾರ, ವೈರ್‌ಲೆಸ್‌ನವನು, ಬೆನ್ನಿನ ಮೇಲೊಬ್ಬ ಗನ್ನರ್, ಬಾಲದಲ್ಲೊಬ್ಬ ಗನ್ನರ್. ಇವರು ಒಂದು ತಂಡವಾಗುತ್ತಿದ್ದ ರೀತಿ ಮಿಲಿಟರಿಯದ್ದಲ್ಲ, ನಮ್ಮ ಪುರಾಣದ್ದು. ಎಂಜಿನಿಯರನು ಆಮೇಲೆ ಬಂದು ಸೇರುತ್ತಿದ್ದ. ಉಳಿದವರನ್ನೆಲ್ಲ ತರಬೇತಿಯ ತಾಣದಲ್ಲಿ ಒಂದು ದೊಡ್ಡ ಹ್ಯಾಂಗರಿಗೆ ತುಂಬಿ, ನೀವೇ ನೋಡಿಕೊಂಡು ಜೊತೆಯಾಗಿ ಎಂದು ಬಿಟ್ಟುಬಿಡುತ್ತಿದ್ದರು. ಶುದ್ಧ ಸ್ವಯಂವರ. ಯಾವನ ಮುಖ ನೋಡಿ ಯಾವನನ್ನು ಆರಿಸುವುದು? ಒಬ್ಬ ನೆಟ್ಟಗೆ ನಿಂತಿದ್ದಾನೆಂದು, ಇನ್ನೊಬ್ಬ ತನ್ನೂರಿನ ಕಡೆಯವನೆಂದು, ಮತ್ತೊಬ್ಬನ ಹತ್ತಿರ ಬೆಂಕಿಪೊಟ್ಟಣ ಇದೆಯೆಂದು. ಪ್ರಾಣ ಒತ್ತೆಯಿಡುವ ಸಂಬಂಧ ಐದು ನಿಮಿಷದಲ್ಲಿ ಕುದುರುತ್ತಿತ್ತು. ನಮ್ಮಲ್ಲಿ ಜಾತಕ, ಗೋತ್ರ, ಮೂರು ತಲೆಮಾರು ವಿಚಾರಿಸಿ ಮಾಡಿದ ಸಂಬಂಧಗಳು ಆರತಿ ತಟ್ಟೆಯ ಸುಣ್ಣಕ್ಕೇ ಅಲುಗಾಡುವುದನ್ನು ನಾನು ಆ ಮದುವೆಯಲ್ಲೇ ಕಂಡಿದ್ದೆ.

ಇವರ ಎದೆಯ ಮೇಲೆ ಮೊದಲು ಬೀಳುತ್ತಿದ್ದದ್ದು ಪದಕವಲ್ಲ, ರೆಕ್ಕೆ. ಪೈಲಟ್ಟಿಗೆ ಎರಡು ರೆಕ್ಕೆಯ ಪೂರ್ತಿ ಬಿಲ್ಲೆ. ಉಳಿದ ಆರು ಜನಕ್ಕೆ ಒಂಟಿ ರೆಕ್ಕೆ. ಆ ಒಂಟಿ ರೆಕ್ಕೆಯ ಬುಡದಲ್ಲಿ ಒಂದು ಬಳೆ, ಬಳೆಯೊಳಗೆ ಇಂಗ್ಲಿಷ್ ಅಕ್ಷರ: ನ್ಯಾವಿಗೇಟರಿಗೆ ಎನ್, ಎಂಜಿನಿಯರಿಗೆ ಇ, ಬಾಂಬ್ ಗುರಿಕಾರನಿಗೆ ಬಿ, ಗನ್ನರಿಗೆ ಎಜಿ. ವೈರ್‌ಲೆಸ್‌ನವನ ತೋಳಿನ ಮೇಲೆ ಬೇರೆಯಾಗಿ ಮಿಂಚು ಹಿಡಿದ ಮುಷ್ಟಿಯ ಗುರುತು, ಸಾಕ್ಷಾತ್ ದೇವೇಂದ್ರ. ಮೊದಲು ಅಬ್ಸರ್ವರ್ ಎಂಬೊಬ್ಬನಿದ್ದ. ಅವನ ಬಿಲ್ಲೆಯಲ್ಲಿದ್ದದ್ದು ದುಂಡಗಿನ ಓ. ಆ ಓ ಅಕ್ಷರಕ್ಕೆ ಹುಡುಗರು ಇಟ್ಟಿದ್ದ ಅಡ್ಡಹೆಸರನ್ನು ಇಲ್ಲಿ ಬರೆದರೆ ಸಂಪಾದಕರು ಮುಂದಿನ ತಿಂಗಳಿಂದ ನನ್ನ ಹರಟೆ ನಿಲ್ಲಿಸುತ್ತಾರೆ. 1942ರಲ್ಲಿ ಆ ಹುದ್ದೆಯನ್ನೇ ಒಡೆದು ಎರಡು ಮಾಡಿದರು. ಆದರೂ ಹಳಬರು ಎನ್ ಹಾಕಿಕೊಳ್ಳದೆ, ಬಣ್ಣ ಮಾಸಿದ ಓ ಅನ್ನೇ ಜಂಬದಿಂದ ತೊಟ್ಟು ತಿರುಗುತ್ತಿದ್ದರು. ಹಳೆಯ ಪಂಚೆ ಬಿಡಲೊಲ್ಲದ ನಮ್ಮ ತಾತನ ಜಾತಿ.

ಈ ಬಟ್ಟೆಯ ರೆಕ್ಕೆಗಳ ವಿಷಯದಲ್ಲಿ ನನಗೊಂದು ಮೋಜು ಕಾಣುತ್ತದೆ. ಆಕಾಶದಲ್ಲಿ ಪೈಲಟ್ಟೇ ಯಜಮಾನ. ಅವನು ಬರೀ ಸಾರ್ಜೆಂಟ್ ಇರಬಹುದು, ಅವನ ಹಿಂದೆ ನಕ್ಷೆ ಹಿಡಿದು ಕೂತವನು ಆಫೀಸರ್ ಇರಬಹುದು; ವಿಮಾನ ನೆಲ ಬಿಟ್ಟ ಮೇಲೆ ಆಫೀಸರನೇ ಸಾರ್ಜೆಂಟನ ಮಾತು ಕೇಳಬೇಕು. ಇಳಿದೊಡನೆ ಅದೇ ಆಫೀಸರ್ ಒಂದು ಕಡೆ ಊಟಕ್ಕೆ, ಅದೇ ಸಾರ್ಜೆಂಟ್ ಇನ್ನೊಂದು ಕಡೆ ಊಟಕ್ಕೆ. ಬೇರೆ ಬೇರೆ ಮೆಸ್ಸು. ಪಂಕ್ತಿಭೇದ ನಮ್ಮ ಮಠಗಳ ಸ್ವತ್ತೆಂದು ತಿಳಿದಿದ್ದೆ!

ಪದಕದಲ್ಲೂ ಇದೇ ಪಂಕ್ತಿಭೇದ. 1918ರ ಜೂನ್ 3ರಂದು ಹುಟ್ಟಿದ ಅವಳಿ ಪದಕಗಳು ಡಿ.ಎಫ್.ಸಿ. ಮತ್ತು ಡಿ.ಎಫ್.ಎಂ. ಮೊದಲನೆಯದು ಬೆಳ್ಳಿಯ ಶಿಲುಬೆ, ಆಫೀಸರುಗಳಿಗೆ. ಎರಡನೆಯದು ಬೆಳ್ಳಿಯ ಬಿಲ್ಲೆ, ಕೆಳಗಿನವರಿಗೆ. ರಿಬ್ಬನ್ನಿನ ಮೇಲೆ ಎರಡಕ್ಕೂ ನೇರಳೆ-ಬಿಳಿ ಓರೆಪಟ್ಟೆ; ಆಫೀಸರರದು ಅಗಲ, ಕೆಳಗಿನವರದು ಸಣ್ಣ. ಅದೇ ವಿಮಾನ, ಅದೇ ರಾತ್ರಿ, ಅದೇ ಗುಂಡು. ಪಟ್ಟೆಯ ಅಗಲ ಮಾತ್ರ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಡಿ.ಎಫ್.ಸಿ. 20,000ದಷ್ಟು ಹಂಚಿದರೆ ಡಿ.ಎಫ್.ಎಂ. 7,000ವನ್ನೂ ಮುಟ್ಟಲಿಲ್ಲ. ವಿಮಾನಗಳ ತುಂಬ ಸಾರ್ಜೆಂಟರೇ ಇದ್ದ ಕಾಲದಲ್ಲಿ ಈ ಲೆಕ್ಕ! ಈ ಭೇದ ಅಳಿದದ್ದು 1993ರಲ್ಲಿ. ಡಿ.ಎಫ್.ಎಂ. ಅನ್ನೇ ಕೈಬಿಟ್ಟು, ಡಿ.ಎಫ್.ಸಿ. ಎಲ್ಲರಿಗೂ ಎಂದರು. ಅಷ್ಟು ಹೊತ್ತಿಗೆ ಆ ಸಾರ್ಜೆಂಟರಲ್ಲಿ ಬಹಳ ಮಂದಿ ಯಾವ ಪಟ್ಟೆಯೂ ತಲುಪದ ಜಾಗಕ್ಕೆ ಹೋಗಿಯಾಗಿತ್ತು.

ಇನ್ನೊಂದು ನಿಯಮವಿತ್ತು, ಅದನ್ನು ಓದಿದ ದಿನ ನಾನು ಕಾಫಿ ಆರಿಸಿಕೊಂಡು ಕೂತೆ. ಸತ್ತವನಿಗೆ ಈ ಪದಕಗಳಿಲ್ಲ. ಆ ಕಾಲದಲ್ಲಿ ಶತ್ರುವಿನೆದುರಿನ ಸಾಹಸಕ್ಕೆ ಮರಣೋತ್ತರವಾಗಿ ಕೊಡಬಹುದಾಗಿದ್ದವು ಎರಡೇ: ಎಲ್ಲಕ್ಕಿಂತ ದೊಡ್ಡದಾದ ವಿಕ್ಟೋರಿಯಾ ಕ್ರಾಸ್, ಇಲ್ಲವೇ ಎಲ್ಲಕ್ಕಿಂತ ಚಿಕ್ಕದಾದ, ವರದಿಯಲ್ಲೊಂದು ಸಾಲಿನ ಪ್ರಸ್ತಾಪ. ನಡುವಿನದೆಲ್ಲ ಬದುಕಿ ಬಂದವರಿಗೆ. ಬ್ರಿಟನ್ನಿನ ಬಾಂಬರುಗಳ ಪಡೆಯಾದ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ಅಂದರೆ ಪದಕದ ಪಂಕ್ತಿಯಿಂದ ಎದ್ದು ಹೋದವರೇ ಹತ್ತಿರ ಹತ್ತಿರ ಅರ್ಧ. ನಮ್ಮ ಕಡೆ ಪದ್ಧತಿ ತಿರುಗಾಮುರುಗ. ನಮ್ಮ ಊರೂರಿನ ಕೆರೆ ಏರಿಯ ಮೇಲೆ ನಿಂತಿರುವ ವೀರಗಲ್ಲು ಸಿಗಬೇಕಾದರೆ ಮೊದಲು ಸಾಯಬೇಕು. ತುರು ಬಿಡಿಸಲು ಹೋದವನು ಬದುಕಿ ಬಂದರೆ ಕಲ್ಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಸಿಕ್ಕಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹಾಕಿಸಿದ್ದು. ಬದುಕಿದ ಗಂಡುಗಲಿಗೆ ಕಾಲಿಗೆ ಗಂಡಪೆಂಡೇಯ ತೊಡಿಸುತ್ತಿದ್ದರು, ನಿಜ. ಆದರೆ ಅದನ್ನು ತೊಟ್ಟು ಲ್ಯಾಂಕಾಸ್ಟರಿನ ಬಾಲದ ಗೂಡಿನೊಳಗೆ ತೂರಲಾಗುತ್ತಿರಲಿಲ್ಲ.

ನಾಯಿಯ ಮಾತು ಬಂದದ್ದರಿಂದ ಪಾರಿವಾಳದ ಮಾತನ್ನೂ ಮುಗಿಸಿಬಿಡುತ್ತೇನೆ. ಬಾಂಬರುಗಳಲ್ಲಿ ಪಾರಿವಾಳ ಒಯ್ಯುತ್ತಿದ್ದರು. 1942ರ ಫೆಬ್ರವರಿಯಲ್ಲಿ ಬ್ಯೂಫೋರ್ಟ್ ಎಂಬ ಬಾಂಬರೊಂದು ಉತ್ತರ ಸಮುದ್ರದಲ್ಲಿ ಬಿತ್ತು. ನಾಲ್ವರು ನೀರಲ್ಲಿ. ಅವರಲ್ಲಿದ್ದ ವಿಂಕಿ ಎಂಬ ಪಾರಿವಾಳ, ರೆಕ್ಕೆಗೆಲ್ಲ ಎಣ್ಣೆ ಮೆತ್ತಿಕೊಂಡು, 120 ಮೈಲಿ ಹಾರಿ ಸ್ಕಾಟ್ಲೆಂಡಿನ ತನ್ನ ಮನೆಗೆ ಬಂತು. ಅದು ಬಂದ ಹೊತ್ತನ್ನು ಲೆಕ್ಕ ಹಾಕಿ ಹುಡುಕಿದರು, ನಾಲ್ವರೂ ಸಿಕ್ಕರು. ಪ್ರಾಣಿಗಳಿಗೆಂದು 1943ರಲ್ಲಿ ಮಾಡಿದ ಡಿಕಿನ್ ಪದಕ ಮೊದಲು ಬಿದ್ದ ಕೊರಳುಗಳಲ್ಲಿ ವಿಂಕಿಯದೂ ಒಂದು. ಆ ಪದಕದಲ್ಲಿ ಆಫೀಸರ್ ಪಾರಿವಾಳ, ಸಾರ್ಜೆಂಟ್ ಪಾರಿವಾಳ ಎಂಬ ಭೇದವಿರಲಿಲ್ಲ.

ಪಂಕ್ತಿಭೇದ ಸ್ಪಷ್ಟವಾಗಿ ಕಾಣಬೇಕಾದರೆ 1943ರ ಮೇ 16ರ ರಾತ್ರಿಯನ್ನು ನೋಡಬೇಕು. ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು 617ನೆಯ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರುಗಳು ಹೊರಟವು, 133 ಜನ. 8 ವಿಮಾನ ಬರಲಿಲ್ಲ. 53 ಮಂದಿ ಸತ್ತರು, 3 ಮಂದಿ ಸೆರೆಯಾದರು. ಜೂನ್ 22ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ 34 ಮಂದಿಗೆ ಪದಕ. ದೊರೆ ಉತ್ತರ ಆಫ್ರಿಕಾಕ್ಕೆ ಹೋಗಿದ್ದರಿಂದ ರಾಣಿಯೇ ತೊಡಿಸಿದರು. ದಳಪತಿ ಗೈ ಗಿಬ್ಸನ್‌ಗೆ ವಿಕ್ಟೋರಿಯಾ ಕ್ರಾಸ್. ಎಲ್ಲರಿಗಿಂತ ಕೊನೆಯಲ್ಲಿ ಮನೆ ಮುಟ್ಟಿದ ವಿಮಾನದ ಪೈಲಟ್ ಬಿಲ್ ಟೌನ್‌ಸೆಂಡ್ ಆಗಿನ್ನೂ ಫ್ಲೈಟ್ ಸಾರ್ಜೆಂಟ್. ಆಫೀಸರನಾಗಿದ್ದರೆ ಡಿ.ಎಸ್.ಓ. ಸಿಗುತ್ತಿತ್ತು, ಅಲ್ಲವಾದ್ದರಿಂದ ಸಿ.ಜಿ.ಎಂ. ಎಂಬ ಬೇರೆಯದು. ಅದೇ ವಿಮಾನದ ನ್ಯಾವಿಗೇಟರ್ ಆಫೀಸರ್, ಅವನಿಗೆ ಡಿ.ಎಫ್.ಸಿ. ಜೊತೆಯ ಸಾರ್ಜೆಂಟರಿಗೆ ಬಂದದ್ದು ಡಿ.ಎಫ್.ಎಂ. ಒಂದೇ ಅಡುಗೆಮನೆಯಿಂದ ಹೊರಟ ಮೂರು ಬಗೆಯ ಪಾಯಸ. ಸತ್ತ 53 ಮಂದಿಗೆ ನಿಯಮದ ಪ್ರಕಾರ ಎಲೆಯೇ ಹಾಕಿರಲಿಲ್ಲ.

ಆ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ನಡುವೆ ಒಡೆದ ಅಣೆಕಟ್ಟು, ಕೆಳಗೆ ಫ್ರೆಂಚಿನಲ್ಲಿ, ನನ್ನ ನಂತರ ಪ್ರಳಯ ಎಂದರ್ಥದ ಮಾತು. ಚುರುಕಾದ ಮಾತೇ. ಆದರೆ ಆ ಪ್ರಳಯದಲ್ಲಿ ಮುಳುಗಿ ಸತ್ತವರು ಸಾವಿರಕ್ಕೂ ಹೆಚ್ಚು. ಅವರಲ್ಲಿ ದುಡಿಮೆಗೆಂದು ಬಲವಂತದಿಂದ ಎಳೆದು ತಂದಿದ್ದ ಪರದೇಶದ ಹೆಂಗಸರೇ ನೂರಾರು. ಲಾಂಛನ ಬರೆದವನ ಕುಂಚಕ್ಕೆ ಅವರು ಸಿಕ್ಕಿಲ್ಲ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬಯಲಲ್ಲಿ ಅನ್ನ ಉಂಡು ಬೆಳೆದ ನನಗೆ ಒಡೆದ ಅಣೆಕಟ್ಟಿನ ಚಿತ್ರವನ್ನು ನೋಡುತ್ತ ಮೆಚ್ಚುವುದು ಕಷ್ಟ.

ಮ್ಯೂಸಿಯಮ್ಮಿನ ಲಾಂಛನಗಳ ಗೋಡೆಯ ಮುಂದೆ ನಾನು ಬಹಳ ಹೊತ್ತು ನಿಂತೆ. 110ನೆಯ ಸ್ಕ್ವಾಡ್ರನ್ನಿನ ಹೆಸರಲ್ಲೇ ಹೈದರಾಬಾದ್ ಇದೆ. 1918ರಲ್ಲಿ ನಿಜಾಮರು ಕೊಟ್ಟ ಹಣದ ವಿಮಾನಗಳು. ಅದಕ್ಕೇ ಅದರ ಲಾಂಛನದಲ್ಲಿ ಹುಲಿ. 1939ರ ಸೆಪ್ಟೆಂಬರ್ 4ರಂದು ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನ ಹಡಗುಗಳ ಮೇಲೆ ಬ್ರಿಟನ್ನಿನ ಮೊದಲ ದಾಳಿಗೆ ಮುಂದಾಳಾಗಿ ಹೋದ ಡೋರನ್ ಇದೇ ಹುಲಿಯವನು. ಆ ಯುದ್ಧದ ಮೊಟ್ಟಮೊದಲ ಎರಡು ಡಿ.ಎಫ್.ಸಿ.ಗಳಲ್ಲಿ ಒಂದು ಅವನ ಎದೆಗೆ ಬಿತ್ತು. ನಿಜಾಮರ ಬೊಕ್ಕಸವೆಂದರೆ ಬೀದರು, ಕಲಬುರಗಿ, ರಾಯಚೂರುಗಳ ಕಂದಾಯವೂ ಅದರೊಳಗೇ ಇತ್ತಲ್ಲ! ಜೋಳದ ಹೊಲದಲ್ಲಿ ಮಳೆಗೆ ಕಾಯುತ್ತಿದ್ದ ರೈತನಿಗೆ ತನ್ನ ದುಡ್ಡು ಮೋಡದ ಮೇಲೆ ಹಾರುತ್ತಿದೆ ಎಂದು ಯಾರು ಹೇಳಬೇಕು?

ಇನ್ನು ನಮ್ಮ ಮೈಸೂರು. 129ನೆಯದು ಮೈಸೂರು ಸ್ಕ್ವಾಡ್ರನ್. ಬಾಂಬರ್ ಅಲ್ಲ, ಸ್ಪಿಟ್‌ಫೈರ್ ಹಾರಿಸುತ್ತಿದ್ದವರು. ನಾನು ದಾರಿ ತಪ್ಪುತ್ತಿದ್ದೇನೆ, ಗೊತ್ತು. ಆದರೆ ಅದರ ಲಾಂಛನ ಗಂಡಭೇರುಂಡ! ಇಂಗ್ಲೆಂಡಿನ ದೊರೆಯ ಕಿರೀಟದ ಕೆಳಗೆ, ನಮ್ಮ ಸರ್ಕಾರಿ ಕಾಗದದ ತಲೆಯ ಮೇಲೆ, ಕೆಎಸ್ಆರ್‌ಟಿಸಿ ಬಸ್ಸಿನ ಮೈಮೇಲೆ ಕೂತಿರುವ ಅದೇ ಎರಡು ತಲೆಯ ಹಕ್ಕಿ. "ನೋಡೇ, ನಮ್ಮ ಹಕ್ಕಿ!" ಎಂದು ಕೂಗಿದೆ. ಪಕ್ಕದಲ್ಲಿದ್ದ ದೊರೆಸಾನಿ ಬೆಚ್ಚಿಬಿದ್ದಳು. ಮಗಳು, "ಅಪ್ಪಾ, ಮೆಲ್ಲಗೆ," ಎಂದಳು. ಆ ಸ್ಕ್ವಾಡ್ರನ್ನಿನ ಹುಡುಗರು ಕಾಲರಿಗೆ ಸ್ಕಾರ್ಫು ಕಟ್ಟಿ ಕುಡಿಯುತ್ತ ಕೂತಾಗ ಈ ಪ್ರಾಣಿ ಕೋಳಿಯೋ ಹದ್ದೋ ಎಂದು ಎಷ್ಟು ತಲೆ ಕೆಡಿಸಿಕೊಂಡರೋ!

ಪದಕಗಳಲ್ಲಿ ಒಂದರ ಕಥೆ ಹೇಳದಿದ್ದರೆ ಹೋಗಿ ಬಂದದ್ದು ದಂಡ. ನಾರ್ಮನ್ ಜಾಕ್ಸನ್ ಎಂಬಾತ 106ನೆಯ ಸ್ಕ್ವಾಡ್ರನ್ನಿನ ಎಂಜಿನಿಯರ್, ಸಾರ್ಜೆಂಟ್. 30 ದಾಳಿ ಮುಗಿದರೆ ಒಂದು ಸರದಿ ಮುಗಿದಂತೆ, ಬಿಡುವು. ಜಾಕ್ಸನ್‌ನದು ಮುಗಿದಿತ್ತು. ಆದರೆ ಜೊತೆಯವರದು ಒಂದು ಬಾಕಿ ಇತ್ತು. ಅವರೊಡನೆ ಇನ್ನೊಂದಕ್ಕೆ ಹೋಗುತ್ತೇನೆಂದು ತಾನಾಗಿ ಹೊರಟ. ಮಗ ಹುಟ್ಟಿದ ಸುದ್ದಿ ಆಗಷ್ಟೇ ಬಂದಿತ್ತು. 1944ರ ಏಪ್ರಿಲ್ 26ರ ರಾತ್ರಿ, ಷ್ವೈನ್‌ಫುರ್ಟ್. ಬಾಂಬು ಹಾಕಿ ತಿರುಗುವಾಗ ಶತ್ರುವಿನ ಗುಂಡು ಬಿದ್ದು ಬಲರೆಕ್ಕೆಯಲ್ಲಿ ಪೆಟ್ರೋಲ್ ಟ್ಯಾಂಕಿನ ಪಕ್ಕಕ್ಕೇ ಬೆಂಕಿ. ಜಾಕ್ಸನ್ ಬೆಂಕಿ ಆರಿಸುವ ಸಿಲಿಂಡರನ್ನು ಅಂಗಿಯೊಳಗೆ ತುರುಕಿಕೊಂಡು, ಪೈಲಟ್ಟಿನ ತಲೆಯ ಮೇಲಿನ ಕಿಂಡಿಯಿಂದ ಹೊರಗೆ ಬಂದು ರೆಕ್ಕೆಯ ಮೇಲೆ ಇಳಿದ. ವಿಮಾನ 20,000 ಅಡಿ ಮೇಲಿತ್ತು, ಗಂಟೆಗೆ 200 ಮೈಲಿ ಓಡುತ್ತಿತ್ತು. ಹೊರಗೆ ಬರುವಾಗಲೇ ಅವನ ಪ್ಯಾರಾಚೂಟು ಬಿಚ್ಚಿಹೋಗಿ ವಿಮಾನದೊಳಗೆ ಹರಡಿತ್ತು. ಜೊತೆಯವರು ಅದರ ಹಗ್ಗಗಳನ್ನು ಹಿಡಿದು, ಬಾವಿಗೆ ಕೊಡ ಬಿಡುವಂತೆ ಬಿಡುತ್ತ ಹೋದರು. ಸಿಲಿಂಡರು ಕೈ ಜಾರಿತು. ಮುಖ, ಕೈ ಸುಟ್ಟವು. ಗಾಳಿ ಅವನನ್ನು ಕಿತ್ತೆಸೆಯಿತು. ಉರಿಯುತ್ತಿದ್ದ ಪ್ಯಾರಾಚೂಟಿನಲ್ಲಿ ಬಿದ್ದು, ಕಾಲು ಮುರಿದುಕೊಂಡು, ತೆವಳಿಕೊಂಡು ಹೋಗಿ ಸೆರೆಯಾದ. ತಾನು ಮಾಡಿದ್ದನ್ನು ಅವನಾಗಿ ಯಾರಿಗೂ ಹೇಳಲಿಲ್ಲ. ಯುದ್ಧ ಮುಗಿದು ಸೆರೆಯಿಂದ ಬಿಡುಗಡೆಯಾದ ಜೊತೆಯವರು ಹೇಳಿದಾಗಲೇ ಗೊತ್ತಾದದ್ದು.

1945ರ ನವೆಂಬರಿನಲ್ಲಿ ಅರಮನೆಯಲ್ಲಿ ವಿಕ್ಟೋರಿಯಾ ಕ್ರಾಸ್ ತೊಡಿಸುವ ದಿನ ಅವನ ಜೊತೆ ಸಾಲಿನಲ್ಲಿದ್ದದ್ದು ಲೆನರ್ಡ್ ಚೆಷೈರ್. ನೂರು ದಾಳಿ ಮುಗಿಸಿದ, ಪದವಿಯಲ್ಲಿ ಎಷ್ಟೋ ಮೇಲಿದ್ದ ಗ್ರೂಪ್ ಕ್ಯಾಪ್ಟನ್. ಈತನಿಗೇ ಮೊದಲು ತೊಡಿಸಿ ಎಂದು ಚೆಷೈರ್ ದೊರೆಯನ್ನು ಕೇಳಿಕೊಂಡನಂತೆ. ಜಾಕ್ಸನ್ ಇದನ್ನು ಕೊನೆಯವರೆಗೂ ನೆನೆಯುತ್ತಿದ್ದ. ದೊರೆ ನಿಯಮ ಬಿಡಲಾಗದೆ ಮೇಲಿನವನಿಗೇ ಮೊದಲು ತೊಡಿಸಿದರು.

ಸರ್ಕಾರದ ಬೊಕ್ಕಸದಿಂದ ಬಂದ ಪದಕಗಳ ಕಥೆ ಇಷ್ಟು. ನನಗೆ ಹೆಚ್ಚು ಹಿಡಿಸಿದವು ಗೆಜೆಟ್ಟಿನಲ್ಲಿ ಬರದವು. ಅವುಗಳಲ್ಲಿ ಮೊದಲನೆಯದು ಒಂದು ಹುಳ. ಲೆಸ್ಲಿ ಇರ್ವಿನ್ ಎಂಬ ಪ್ಯಾರಾಚೂಟ್ ತಯಾರಕ 1922ರಲ್ಲಿ ಕ್ಯಾಟರ್‌ಪಿಲ್ಲರ್ ಕ್ಲಬ್ ಎಂದೊಂದನ್ನು ಶುರುಮಾಡಿದ. ತನ್ನ ಪ್ಯಾರಾಚೂಟಿನಿಂದ ಪ್ರಾಣ ಉಳಿದವರಿಗೆಲ್ಲ ಚಿನ್ನದ ಪಿನ್ನು, ಉಗುರಿನಷ್ಟು ಉದ್ದದ ಹುಳದ ಆಕಾರ, ಕಣ್ಣಿಗೆ ಕೆಂಪು ಹರಳು. ಜರ್ಮನಿಯ ಸೆರೆಶಿಬಿರಗಳಿಂದ ಹುಡುಗರು ಕಾರ್ಡು ಬರೆಯುತ್ತಿದ್ದರು: ಸ್ವಾಮಿ, ನಾನು ನಿಮ್ಮ ಪ್ಯಾರಾಚೂಟಿನಲ್ಲಿ ಇಳಿದಿದ್ದೇನೆ, ನನ್ನ ಹುಳ ಕಳಿಸಿ. ಮನೆಗೆ ಬರೆಯಲು ಸಿಗುತ್ತಿದ್ದ ಎಣಿಕೆಯ ಕಾರ್ಡುಗಳಲ್ಲಿ ಒಂದನ್ನು ಈ ಹುಳಕ್ಕೆ ಖರ್ಚು ಮಾಡುತ್ತಿದ್ದರು ಎಂದರೆ ಅದರ ಬೆಲೆ ತಿಳಿಯಿತಲ್ಲ. ಆಫೀಸರನಿಗೂ ಅದೇ ಹುಳ, ಸಾರ್ಜೆಂಟನಿಗೂ ಅದೇ ಹುಳ. ಕೋಟಿನ ಕಾಲರಿನ ಒಳಮಗ್ಗುಲಲ್ಲಿ, ನಮ್ಮಜ್ಜಿ ಬಳೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಪಿನ್ನಿನ ಹಾಗೆ, ಕಂಡೂ ಕಾಣದಂತೆ.

ಹುಳ ಯಾಕೆಂದು ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ವಿವರಿಸಬೇಕಿಲ್ಲ. ಆಗ ಪ್ಯಾರಾಚೂಟೆಂದರೆ ರೇಷ್ಮೆ. ಜಪಾನು ಶತ್ರುವಾದ ಮೇಲೆ ಅಲ್ಲಿಯ ರೇಷ್ಮೆ ನಿಂತು, ಮೈಸೂರು ಸೀಮೆಯ ನೂಲಿಗೆ ಯುದ್ಧದ ಬೇಡಿಕೆ ಬಂತು. ಹಿಪ್ಪುನೇರಳೆ ತೋಟಗಳಿಗೆ ಕಳೆ ಬಂತು. ಆದರೆ ಆ ಚಿನ್ನದ ಪಿನ್ನಿನವರು ಒಂದು ವಿಷಯ ಮರೆತಿದ್ದಾರೆ. ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಹುಳ ತನ್ನ ನೂಲಿನಿಂದ ತಾನು ಇಳಿದು ಪಾರಾಗುವುದಿಲ್ಲ. ಕುದಿಯುವ ನೀರಿನಲ್ಲಿ ಅದು ಬೆಂದ ಮೇಲೆಯೇ ಬಿಚ್ಚಣಿಕೆಯವರ ಕೈಗೆ ಎಳೆ ಸಿಗುವುದು.

ನೀರಿಗೆ ಬಿದ್ದು ರಬ್ಬರ್ ದೋಣಿಯಿಂದ ಉಳಿದವರಿಗೆ ಗೋಲ್ಡ್‌ಫಿಷ್ ಕ್ಲಬ್. 1942ರಲ್ಲಿ ಶುರುವಾದದ್ದು. ಕಪ್ಪು ಬಟ್ಟೆಯ ಮೇಲೆ ಕಸೂತಿ; ರೆಕ್ಕೆಯಿರುವ ಮೀನು, ಕೆಳಗೆ ಎರಡು ನೀಲಿ ಅಲೆ. ಯುದ್ಧಕಾಲದಲ್ಲಿ ಲೋಹವೂ ಇಲ್ಲ, ಬಟ್ಟೆಗೂ ಬರ. ಜನ ತಮ್ಮ ಹಳೆಯ ಪಾರ್ಟಿ ಸೂಟುಗಳನ್ನು ಕೊಟ್ಟರು. ಅವನ್ನೇ ಕತ್ತರಿಸಿ ಬ್ಯಾಡ್ಜು ಮಾಡಿದರು. ಯಾವನೋ ಶ್ರೀಮಂತ ಕುಣಿದ ಕೋಟಿನ ತುಂಡು ಯಾವನೋ ನೆನೆದ ಹುಡುಗನ ಜೇಬಿನ ಮುಚ್ಚಳದಡಿಗೆ. ಮರುಭೂಮಿಯಲ್ಲಿ ಬಿದ್ದು ನಡೆದು ಬಂದವರಿಗೆ ರೆಕ್ಕೆ ಹಚ್ಚಿದ ಬೂಟಿನ ಬ್ಯಾಡ್ಜು. ಸುಟ್ಟವರದು ಗಿನಿ ಪಿಗ್ ಕ್ಲಬ್. ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ನ್ಯೂಜಿಲೆಂಡಿನ ಡಾಕ್ಟರ್ ಮ್ಯಾಕಿಂಡೋ ಕೈಯಲ್ಲಿ ಹೊಸ ಮೂಗು, ಹೊಸ ರೆಪ್ಪೆ ಹಾಕಿಸಿಕೊಂಡ 649 ಮಂದಿ. ಕೊನೆಕೊನೆಗೆ ಬಹುಪಾಲು ಬಾಂಬರಿನವರೇ. ಕಾಲು ಸುಟ್ಟವನನ್ನು ಹುಡುಕಿ ಖಜಾಂಚಿ ಮಾಡಿದರು, ದುಡ್ಡು ಎತ್ತಿಕೊಂಡು ಓಡಲಾರ ಎಂದು. ಬೆರಳು ಸುಟ್ಟವನು ಕಾರ್ಯದರ್ಶಿ, ಉದ್ದುದ್ದ ವರದಿ ಬರೆಯಲಾರ ಎಂದು. ನಾನು ಕಂಡ ಎಷ್ಟೋ ಸಂಘಗಳಿಗೆ ಈ ಅರ್ಹತೆಗಳನ್ನು ವಿಧಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ವಾರ್ಷಿಕ ಸಭೆ ಬಂದಾಗಲೆಲ್ಲ ಅನ್ನಿಸುತ್ತದೆ.

ಎಲ್ಲ ಕ್ಲಬ್ಬಿಗೂ ಹೊರಗುಳಿದ ಅದೃಷ್ಟವಂತ ನಿಕೋಲಸ್ ಆಲ್ಕೆಮೇಡ್. ಬಾಲದ ಗನ್ನರ್, ವಯಸ್ಸು 21. 1944ರ ಮಾರ್ಚ್ 24ರ ರಾತ್ರಿ ಬರ್ಲಿನ್ನಿನಿಂದ ಮರಳುವಾಗ ವಿಮಾನಕ್ಕೆ ಬೆಂಕಿ. ಬಾಲದ ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟನ್ನು ಅದರ ಹೊರಗೆ ನೇತುಹಾಕಿರಬೇಕು. ಬಾಗಿಲು ತೆರೆದು ನೋಡಿದರೆ ಅದೇ ಉರಿಯುತ್ತಿದೆ. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದು ಲೇಸೆಂದು 18,000 ಅಡಿಯಿಂದ ಪ್ಯಾರಾಚೂಟಿಲ್ಲದೆ ಹಾರಿದ. ಫರ್ ಮರಗಳ ಕೊಂಬೆ, ಕೆಳಗೆ ಹಿಮ. ಕಾಲು ಉಳುಕಿತು, ಅಷ್ಟೇ. ಹಿಡಿದ ಜರ್ಮನ್ನರು ಇವನು ಬೇಹುಗಾರನೆಂದು ಗದರಿಸಿದರು. ಆಮೇಲೆ ಬಿದ್ದ ವಿಮಾನದಲ್ಲಿ ಸುಟ್ಟ ಪ್ಯಾರಾಚೂಟು ಸಿಕ್ಕಿತು. ಇವನು ಹೇಳುವುದು ನಿಜ ಎಂದು ಶತ್ರುಗಳೇ ಬರೆದುಕೊಟ್ಟರು. ಶತ್ರು ಸಹಿ ಮಾಡಿದ ಆ ಕಾಗದಕ್ಕೆ ಸಮನಾದ ಪದಕ ನನಗೆ ಬೇರೆ ಗೊತ್ತಿಲ್ಲ.

ಕೊಡುವ ಮಾತಾಯಿತು, ಕಿತ್ತುಕೊಳ್ಳುವುದೂ ಇತ್ತು. ಇನ್ನು ಹಾರಲಾರೆ ಎಂದ ಹುಡುಗನ ಕಾಗದಗಳ ಮೇಲೆ ನೈತಿಕ ಬಲವಿಲ್ಲದವನು ಎಂದು ಬರೆದು, ಎದೆಯ ರೆಕ್ಕೆ ಬಿಚ್ಚಿಸಿ, ಬೇರೆ ಊರಿಗೆ ಸಾಗಹಾಕುತ್ತಿದ್ದರು. 20 ದಾಳಿಗೆ ಹೋಗಿ ಬಂದು ಕೈ ನಡುಗತೊಡಗಿದವನಿಗೂ ಅದೇ ಶಿಕ್ಷೆ ಆಗಬಹುದಿತ್ತು. ಹೊಲಿಗೆ ಬಿಚ್ಚಿದ ಜಾಗದಲ್ಲಿ ನೀಲಿ ಬಟ್ಟೆ ಮಾತ್ರ ಮಾಸದೆ, ರೆಕ್ಕೆಯ ಆಕಾರಕ್ಕೆ ಉಳಿದಿರುತ್ತಿತ್ತೇನೋ. ಬೇರೆ ಪದಕಗಳ ಬಗ್ಗೆ ಗಂಟೆಗಟ್ಟಲೆ ಹರಟಬಲ್ಲ ನನಗೆ ಈ ಜಾಗದಲ್ಲಿ ಮಾತು ನಿಲ್ಲುತ್ತದೆ.

ಯುದ್ಧ ಮುಗಿದ ಮೇಲೆ ಎಲ್ಲರಿಗೂ ನಕ್ಷತ್ರಗಳು ಬಂದವು, ಆರು ಮೂಲೆಯ ಹಿತ್ತಾಳೆ ಬಣ್ಣದವು. 1944ರ ಜೂನ್ 5ರೊಳಗೆ ಯೂರೋಪಿನ ಮೇಲೆ ಹಾರಿದವರಿಗೆ ಏರ್‌ಕ್ರೂ ಯೂರೋಪ್ ಸ್ಟಾರ್. ಅದರ ರಿಬ್ಬನ್ ನೋಡಿ ನಾನು ತಲೆದೂಗಿದೆ. ನಡುವೆ ತಿಳಿನೀಲಿ ಆಕಾಶ. ಅಂಚಿಗೆ ಕಪ್ಪು, ಅದು ರಾತ್ರಿ. ನಡುನಡುವೆ ಹಳದಿ ಗೆರೆ, ಅದು ಕೆಳಗಿನಿಂದ ಹುಡುಕಿ ಬರುತ್ತಿದ್ದ ಸರ್ಚ್‌ಲೈಟು. ಒಂದೂಕಾಲು ಅಂಗುಲದ ನೇಯ್ಗೆಯಲ್ಲಿ ಇಡೀ ರಾತ್ರಿ ಕೂತಿದೆ. ಆದರೆ ಬಂದ ಬಗೆ ನೋಡಿ: ಬೇಕಾದವರು ಅರ್ಜಿ ಹಾಕಬೇಕು; ರಟ್ಟಿನ ಪುಟ್ಟ ಡಬ್ಬಿಯಲ್ಲಿ ಅಂಚೆಯಲ್ಲಿ ಬರುತ್ತದೆ; ಪದಕದ ಮೇಲೆ ಹೆಸರು ಕೆತ್ತಿರುವುದಿಲ್ಲ. ಎಷ್ಟೋ ಮಂದಿ ಅರ್ಜಿಯನ್ನೇ ಹಾಕಲಿಲ್ಲ.

ಬಾಂಬರ್ ಕಮಾಂಡಿಗೇ ಒಂದು ಪದಕ ಬೇಕೆಂದು ಅದರ ಮುಖ್ಯಸ್ಥ ಹ್ಯಾರಿಸ್ ಕೇಳಿದ, ಹಿಮದಲ್ಲಿ ನಿಂತು ಬಾಂಬು ತುಂಬಿದ ನೆಲದ ಸಿಬ್ಬಂದಿಗೂ ಸೇರಿಸಿ. ಸಿಗಲಿಲ್ಲ. ಕಾರಣ ಬಾಯಿಬಿಟ್ಟು ಹೇಳದಿದ್ದರೂ ಗುಟ್ಟೇನಲ್ಲ. 1943ರ ಜುಲೈನಲ್ಲಿ ಹ್ಯಾಂಬರ್ಗಿನಲ್ಲಿ ಬೆಂದವರು 30,000ಕ್ಕೂ ಹೆಚ್ಚು, 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸತ್ತವರು 25,000ದವರೆಗೆ. ಹುಡುಗರನ್ನು ಕಳಿಸುವಾಗ ನಡುಗದ ಕೈ ಪದಕ ಕೊಡುವಾಗ ನಡುಗಿತು. ನನಗೆ ಇದು ಮರೆಯಲಾಗದ ಸಣ್ಣತನವಾಗಿ ಕಾಣುತ್ತದೆ. ಆ ದಾಳಿಗಳು ಸರಿಯೆಂದಲ್ಲ. ತಪ್ಪಾಗಿದ್ದರೆ ತಪ್ಪಿನ ಪಾಲು 21ರ ಹುಡುಗನ ಎದೆಯ ಮೇಲೆ ಮಾತ್ರ ಯಾಕೆ? ಕೊನೆಗೆ 2012ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕ ಎದ್ದಿತು. ಏಳು ಜನ ಕಂಚಿನವರು, ಆಗತಾನೇ ಇಳಿದು ಬಂದಂತೆ ನಿಂತಿದ್ದಾರೆ. 2013ರಲ್ಲಿ ಪದಕವೂ ಬಂತು. ಪದಕವಲ್ಲ, ಹಳೆಯ ನಕ್ಷತ್ರದ ರಿಬ್ಬನ್ನಿಗೆ ಹೊಲಿಯುವ ಒಂದು ಪಟ್ಟಿ, ಮೇಲೆ ಬಾಂಬರ್ ಕಮಾಂಡ್ ಎಂದು ಬರೆದದ್ದು. 68 ವರ್ಷದ ಮೇಲೆ. ಬದುಕಿದ್ದವರಿಗೆ ತೊಂಬತ್ತರ ಆಸುಪಾಸು. ಆ ಸಣ್ಣ ಪಟ್ಟಿಯನ್ನು ರಿಬ್ಬನ್ನಿಗೆ ಹೊಲಿಯಲು ಸೂಜಿಗೆ ದಾರ ಪೋಣಿಸುವ ಕಣ್ಣು ಅವರಲ್ಲಿ ಎಷ್ಟು ಜನಕ್ಕಿತ್ತೋ.

ಆ ಮದುವೆಯ ದಿನ ಊಟ ಮುಗಿದು ಛತ್ರದ ಹಿಂದೆ ಕೈ ತೊಳೆಯಲು ಹೋದಾಗ ಡ್ರಮ್ಮಿನವನು ಮತ್ತೆ ಸಿಕ್ಕ. ಕೆಂಪು ಕೋಟು ಕಳಚಿ ಮಡಿಸಿ, ಪದಕಗಳನ್ನು ಎಣಿಸಿ, ಕರವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದ. ಬನಿಯನ್ನಿನ ಮೇಲೆ ಎಡಗಡೆ ಒಂದು ಪಿನ್ನು, ಅದಕ್ಕೆ ಸಿಕ್ಕಿಸಿದ ಪುಟ್ಟ ಬೆಳ್ಳಿ ತಾಯಿತ. "ಇದೂ ಓನರ್‌ದಾ?" ಎಂದೆ.

"ಇಲ್ಲ ಸಾರ್," ಎಂದು ಅದನ್ನು ಬನಿಯನ್ನಿನ ಒಳಕ್ಕೆ ತಳ್ಳಿಕೊಂಡ. "ಇದು ನಮ್ಮವ್ವ ಕಟ್ಟಿದ್ದು."